ವರ್ಷಪೂರ್ತಿ ಆರ್‌ವಿಯಲ್ಲೇ ಇರಬೇಕು, ಯಾವುದನ್ನು ತಗೊಳ್ಳಲಿ?

ಪ್ರಶ್ನೆ: ನಾವು ಮೈಸೂರಿನವರು. ನಾಲ್ಕು ವರ್ಷದಿಂದ ಡಲ್ಲಾಸ್ ಹತ್ತಿರದ ಪ್ಲೇನೋದಲ್ಲಿದ್ದೇವೆ. ನಾನು ಎಚ್-1ಬಿ ವೀಸಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ, ಪೂರ್ತಿ ಮನೆಯಿಂದಲೇ. ಜೊತೆಗೆ ಹೆಂಡತಿ, ಐದು ವರ್ಷದ ಮಗಳು. ಬಾಡಿಗೆ ಏರುತ್ತಲೇ ಇದೆ. ಅಪಾರ್ಟ್‌ಮೆಂಟ್ ಖಾಲಿ ಮಾಡಿ, ಒಂದು ಆರ್‌ವಿ (ಹಾಸಿಗೆ, ಅಡುಗೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿಮನೆ) ಕೊಂಡು, ಅದರಲ್ಲೇ ಇದ್ದು ದೇಶ ಸುತ್ತೋಣ ಅಂತ ಆಸೆ. ಯೂಟ್ಯೂಬ್‌ನಲ್ಲಿ ನೋಡಿದ ಕ್ಯಾಂಪರ್ ವ್ಯಾನ್ ತುಂಬಾ ಇಷ್ಟವಾಗಿದೆ. ಒಬ್ಬ ಗೆಳೆಯ ‘ಬಸ್ಸಿನ ಥರದ ದೊಡ್ಡದೇ ತಗೋ’ ಅಂತಾನೆ. ಇನ್ನೊಬ್ಬ ‘ಟ್ರೇಲರ್ ಸಾಕು, ನಿನ್ನ ಎಸ್‌ಯುವಿ 5,000 ಪೌಂಡ್ ಎಳೆಯುತ್ತಲ್ಲ’ ಅಂತಾನೆ. ಡೀಲರ್ ‘ಇದು ಫೋರ್ ಸೀಸನ್, ಯಾವ ಚಳಿಗೂ ಜಗ್ಗಲ್ಲ’ ಅಂತ ಒಂದನ್ನು ತೋರಿಸಿದ್ದಾನೆ. ನವೆಂಬರಿನಲ್ಲಿ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರೆ. ಅಮ್ಮನಿಗೆ ಮಂಡಿನೋವು. ನಾವು ಯಾವುದನ್ನು ಕೊಳ್ಳಬೇಕು? ಊರಿಂದ ತಂದ ಮಿಕ್ಸಿ ಅದರಲ್ಲಿ ಓಡುತ್ತಾ ಅಂತಲೂ ಹೆಂಡತಿ ಕೇಳುತ್ತಿದ್ದಾಳೆ.

ಉತ್ತರ: ಮಿಕ್ಸಿ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಮರೆಯುವುದಿಲ್ಲ.

ನಾನು ಹಾಸನದಲ್ಲಿ ಡಿಪ್ಲೊಮಾ ಮಾಡಿದವನು. ಟೆಕ್ಸಾಸಿನಲ್ಲಿ ಹದಿನಾಲ್ಕು ವರ್ಷದಿಂದ ಆರ್‌ವಿ ರಿಪೇರಿ ಮಾಡುತ್ತಿದ್ದೇನೆ. ನನ್ನದು ಅಂಗಡಿ ಇಟ್ಟು ಕೂರುವ ಕೆಲಸ ಅಲ್ಲ, ಗಾಡಿ ನಿಂತಿರುವ ಕಡೆಗೇ ಸಾಮಾನು ಹೊತ್ತು ಹೋಗುವುದು. ಕೊಳ್ಳುವ ದಿನ ನನ್ನನ್ನು ಕರೆಯುವವರು ಕಡಿಮೆ. ಕೊಂಡು ನಾಲ್ಕು ಮಳೆ ಬಿದ್ದ ಮೇಲೆ ಕರೆಯುವವರೇ ಜಾಸ್ತಿ. ನನ್ನ ಮಾತು ಅಲ್ಲಲ್ಲಿ ಕಹಿ ಅನ್ನಿಸಿದರೆ ಕಾರಣ ಅದೇ.

ನಿಮ್ಮ ಪತ್ರದಲ್ಲಿ ವ್ಯಾನ್, ಬಸ್ಸು, ಟ್ರೇಲರ್ ಎಲ್ಲ ಬಂತು. ಆದರೆ ಯಾವ ಗಾಡಿ ಅನ್ನುವುದಕ್ಕೆ ಉತ್ತರ ಇರುವುದು ನೀವು ಹಾಗೇ ಹೇಳಿ ಮುಂದೆ ಹೋದ ಒಂದು ಪದದಲ್ಲಿ. ಎಚ್-1ಬಿ.

ನಿಮ್ಮ ಕಂಪನಿ ವೀಸಾ ಅರ್ಜಿ ಹಾಕುವಾಗ ನೀವು ಕೆಲಸ ಮಾಡುವ ಜಾಗ ಯಾವುದು ಅಂತ ಬರೆದುಕೊಟ್ಟಿರುತ್ತದೆ. ಮನೆಯಿಂದ ಕೆಲಸ ಅಂದರೆ ಆ ಮನೆಯೇ ಕೆಲಸದ ಜಾಗ. ಅದೇ ಮೆಟ್ರೋ ಪ್ರದೇಶದ, ಅಂದರೆ ಡಲ್ಲಾಸ್ ಮತ್ತು ಸುತ್ತಲಿನ ಊರುಗಳ, ಒಳಗೆ ಮನೆ ಬದಲಾಯಿಸಿದರೆ ದೊಡ್ಡ ತೊಂದರೆ ಇಲ್ಲ. ಅದರಿಂದ ಆಚೆ ಹೋಗಿ ಕೆಲಸ ಮಾಡಬೇಕಾದರೆ ಕಂಪನಿ ಮೊದಲೇ ತಿದ್ದುಪಡಿ ಅರ್ಜಿ ಹಾಕಬೇಕು. 2015ರಲ್ಲಿ ವಲಸೆ ಇಲಾಖೆಯ ಮೇಲ್ಮನವಿ ಕಚೇರಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಲ್ಪಾವಧಿಗೆ ಕೆಲವು ದಿನಗಳ ವಿನಾಯಿತಿ ಇದೆ, ನಿಜ. ಆದರೆ ಈ ತಿಂಗಳು ಆರಿಜೋನಾ, ಮುಂದಿನ ತಿಂಗಳು ಯೂಟಾ ಅಂತ ಲ್ಯಾಪ್‌ಟಾಪ್ ಹಿಡಿದು ತಿರುಗುವುದಕ್ಕೆ ಅದು ಸಾಲುವುದಿಲ್ಲ. ಇದರ ಜೊತೆ, ವಿಳಾಸ ಬದಲಾದ 10 ದಿನದೊಳಗೆ ಎಆರ್-11 ಫಾರಂ ತುಂಬುವುದು ಬೇರೆ. ನಾನು ವಕೀಲ ಅಲ್ಲ. ನಿಮ್ಮ ಎಚ್‌ಆರ್‌ ಅನ್ನೂ ವಲಸೆ ವಕೀಲರನ್ನೂ ಕೇಳದೆ ಅಡ್ವಾನ್ಸ್ ಕೊಡಬೇಡಿ. ಗ್ರೀನ್ ಕಾರ್ಡ್ ಬಂದರೆ ಈ ಕಟ್ಟು ಬಿಚ್ಚುತ್ತದೆ. ನಮ್ಮವರಿಗೆ ಅದು ಯಾವ ಕಾಲಕ್ಕೆ ಬರುತ್ತದೆ ಅಂತ ನಾನು ಹೇಳಬೇಕಿಲ್ಲ.

ಅಂದರೆ ನೀವು ಸುತ್ತುವುದು ರಜೆಯಲ್ಲಿ ಮಾತ್ರ. ಉಳಿದ ದಿನವೆಲ್ಲ ಆರ್‌ವಿ ಡಲ್ಲಾಸ್ ಸುತ್ತಮುತ್ತ ಯಾವುದೋ ಆರ್‌ವಿ ಪಾರ್ಕಿನಲ್ಲಿ, ಅಂದರೆ ಇಂಥ ಗಾಡಿಗಳಿಗೆ ಜಾಗ, ಕರೆಂಟ್, ನೀರು ಬಾಡಿಗೆಗೆ ಕೊಡುವ ಕಡೆ, ನಿಂತಿರುತ್ತದೆ. ನಿಂತೇ ಇರುವ ಮನೆಗೆ ಎಂಜಿನ್ ಯಾಕೆ?

ಇಲ್ಲಿಗೆ ಅರ್ಧ ಗಾಡಿಗಳು ಪಟ್ಟಿಯಿಂದ ಹೋದವು. ಬಸ್ಸಿನ ಥರದ್ದನ್ನು ಕ್ಲಾಸ್ ಎ ಅನ್ನುತ್ತಾರೆ. ಡ್ರೈವರ್ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುವುದು ಕ್ಲಾಸ್ ಸಿ. ಎರಡಕ್ಕೂ ಒಂದೇ ಕಷ್ಟ: ಎಂಜಿನ್ ಕೆಟ್ಟರೆ ಗಾಡಿಯ ಜೊತೆ ನಿಮ್ಮ ಮನೆಯೂ ಗ್ಯಾರೇಜಿಗೆ ಹೋಗುತ್ತದೆ. ಒಂದು ಬಿಡಿಭಾಗ ಬರಲಿಲ್ಲ ಅಂತ ಐದು ವಾರ ಮೋಟೆಲ್‌ನಲ್ಲಿ ಕೂತಿದ್ದ ಸಂಸಾರವನ್ನು ನಾನೇ ನೋಡಿದ್ದೇನೆ. ಓಡಿಸದೆ ನಿಲ್ಲಿಸಿದರೆ ಟೈರು, ಬ್ಯಾಟರಿ, ಇಂಧನ ಎಲ್ಲ ಹಾಳಾಗುತ್ತವೆ. ಇನ್ನು ನಿಮಗೆ ಇಷ್ಟವಾದ ವ್ಯಾನ್, ಅಂದರೆ ಕ್ಲಾಸ್ ಬಿ, ಇಬ್ಬರಿಗೆ ಚೆನ್ನ. ನೀವು ಐದು ಜನ. ಅದರೊಳಗೆ ಒಬ್ಬರು ಅನ್ನಕ್ಕಿಟ್ಟರೆ ಇನ್ನೊಬ್ಬರು ಮಲಗಿರಬೇಕು, ಅಷ್ಟೇ ಜಾಗ. ವೀಡಿಯೋದಲ್ಲಿ ಹಿಂದಿನ ಬಾಗಿಲು ತೆಗೆದು ಬೆಟ್ಟ ತೋರಿಸುತ್ತಾರೆ. ಒಣಗಿಸಿದ ಟವೆಲ್ ತೋರಿಸುವುದಿಲ್ಲ.

ಉಳಿದದ್ದು ಎಂಜಿನ್ ಇಲ್ಲದ, ಬೇರೆ ವಾಹನ ಎಳೆದುಕೊಂಡು ಹೋಗಬೇಕಾದ ಗಾಡಿಗಳು. ಅದರಲ್ಲಿ ಎರಡು ಥರ. ಟ್ರಾವೆಲ್ ಟ್ರೇಲರ್ ವಾಹನದ ಹಿಂದಿನ ಕೊಂಡಿಗೆ ಸಿಕ್ಕುತ್ತದೆ. ಫಿಫ್ತ್ ವೀಲ್ ಪಿಕಪ್ ಟ್ರಕ್ಕಿನ ಹಿಂಬದಿ ತೊಟ್ಟಿಯೊಳಗೆ ಕೂರುತ್ತದೆ. ವರ್ಷಪೂರ್ತಿ ಇರುವವರು ಫಿಫ್ತ್ ವೀಲ್ ಮೆಚ್ಚುವುದು ಜಾಸ್ತಿ. ಒಳಗೆ ಎತ್ತರ, ಸಾಮಾನಿಡಲು ಜಾಗ, ಎಳೆಯುವಾಗ ಅಲ್ಲಾಡುವುದೂ ಕಡಿಮೆ. ಆದರೆ ಮಲಗುವ ಕೋಣೆಗೆ ಸಾಮಾನ್ಯವಾಗಿ ಒಳಗೇ ಎರಡು ಮೂರು ಮೆಟ್ಟಿಲು. ಬಚ್ಚಲೂ ಎಷ್ಟೋ ಸಲ ಮೇಲೇ. ರಾತ್ರಿ ಎರಡು ಗಂಟೆಗೆ ನಿಮ್ಮ ಅಮ್ಮ ಆ ಮೆಟ್ಟಿಲು ಹತ್ತಿ ಇಳಿಯುವುದನ್ನು ಯೋಚಿಸಿ. ಜೊತೆಗೆ ಅದರ ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಟ್ರಕ್ಕಿನ ಮೇಲೆ ಕೂರುತ್ತದೆ. 14,000 ಪೌಂಡಿನ ಗಾಡಿ ಅಂದರೆ 2,800ರಿಂದ 3,500 ಪೌಂಡ್, ಹೆಚ್ಚುಕಡಿಮೆ 1,300ರಿಂದ 1,600 ಕಿಲೋ, ಟ್ರಕ್ಕಿನ ಬೆನ್ನ ಮೇಲೆ. ಅದಕ್ಕೆ ದೊಡ್ಡ ಟ್ರಕ್ಕೇ ಬೇಕು, ಎಷ್ಟೋ ಸಲ ಹಿಂದೆ ಜೋಡಿ ಚಕ್ರದ್ದು. ಅದರ ಬೆಲೆ ಬೇರೆ.

ನಿಮ್ಮ ಎಸ್‌ಯುವಿ ಮಾತು. ‘5,000 ಪೌಂಡ್ ಎಳೆಯುತ್ತೆ’ ಅನ್ನುವುದು ಸುಳ್ಳಲ್ಲ, ಅರ್ಧ ನಿಜ. ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲಿನ ಚೌಕಟ್ಟಿನ ಮೇಲೆ ಹಳದಿ ಬಿಳಿ ಸ್ಟಿಕ್ಕರ್ ಇರುತ್ತದೆ. ಜನ, ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ ಬರೆದಿರುತ್ತದೆ. ನಿಮ್ಮದರಲ್ಲಿ 1,200 ಪೌಂಡ್ ಅಂತಲೇ ಇಟ್ಟುಕೊಳ್ಳಿ. ಈಗ ಲೆಕ್ಕ ಹಾಕೋಣ. ಕಾಗದದ ಮೇಲೆ 4,600 ಪೌಂಡ್ ಇರುವ ಟ್ರೇಲರ್ ಕೊಂಡಿರಿ. ಅದು ಖಾಲಿ ಗಾಡಿಯ ತೂಕ. ಒಂದು ಗ್ಯಾಲನ್ ನೀರು 8.3 ಪೌಂಡ್, 40 ಗ್ಯಾಲನ್ ತುಂಬಿದರೆ 330 ದಾಟಿತು. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಪಾತ್ರೆ, ಅಕ್ಕಿ, ಬಟ್ಟೆ, ನಿಮ್ಮ ಎರಡು ಮಾನಿಟರ್ ಎಲ್ಲ ಸೇರಿ 5,800ಕ್ಕೆ ಬಂದು ನಿಲ್ಲುತ್ತದೆ. 5,000 ಅಲ್ಲೇ ಹೋಯಿತು. ಅಷ್ಟೇ ಅಲ್ಲ, ಆ ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು, ಇಲ್ಲದಿದ್ದರೆ ಟ್ರೇಲರ್ ಹೈವೇ ಮೇಲೆ ಬಾಲ ಆಡಿಸುತ್ತದೆ. ಅದು 700 ಪೌಂಡ್ ಅಂದುಕೊಳ್ಳಿ. ನೀವು ಐದು ಜನ 650. ಒಟ್ಟು 1,350. ಸ್ಟಿಕ್ಕರ್ ಹೇಳಿದ್ದು 1,200. ಒಂದು ಸೂಟ್‌ಕೇಸ್ ಕೂಡ ಇನ್ನೂ ಇಟ್ಟಿಲ್ಲ. ಈ ಲೆಕ್ಕವನ್ನು ನಿಮ್ಮ ಗೆಳೆಯನಿಗೂ ತೋರಿಸಿ.

ಹಾಗಾದರೆ ಎಳೆಯುವುದು ಯಾರು? ಬಾಡಿಗೆಗೆ ಎಳೆಯುವವರಿದ್ದಾರೆ. ಅವರದೇ ಟ್ರಕ್ಕು, ಅವರದೇ ವಿಮೆ. ನೀವು ವರ್ಷಕ್ಕೆ ಎರಡು ಸಲ ಪಾರ್ಕ್ ಬದಲಿಸಿದರೂ ಟ್ರಕ್ ಕೊಳ್ಳುವುದಕ್ಕಿಂತ ಇದು ಎಷ್ಟೋ ಅಗ್ಗ. ನಿಮ್ಮ ಎಸ್‌ಯುವಿ ಮಗಳನ್ನು ಶಾಲೆಗೆ ಬಿಡುವುದಕ್ಕೆ ಇದ್ದೇ ಇದೆ.

ನಿಮ್ಮಂಥ ಸಂಸಾರಕ್ಕೆ ನಾನು ಹೇಳುವುದು: 30ರಿಂದ 33 ಅಡಿಯ, ಹಿಂದುಗಡೆ ಬಂಕ್ ಕೋಣೆ (ಒಂದರ ಮೇಲೊಂದು ಹಾಸಿಗೆಯ ಕೋಣೆ) ಇರುವ, ಮೂರರಿಂದ ಐದು ವರ್ಷ ಹಳೆಯ ಟ್ರಾವೆಲ್ ಟ್ರೇಲರ್. ಎರಡು ಎಸಿ, 50 ಆಂಪ್ ಕರೆಂಟ್ ಇರಲೇಬೇಕು. 30 ಆಂಪ್ ಗಾಡಿಗೆ ಒಟ್ಟು 3,600 ವಾಟ್ ಸಿಗುತ್ತದೆ. 50 ಆಂಪ್ ಗಾಡಿಗೆ ಎರಡು ಲೈನ್ ಬರುವುದರಿಂದ 12,000. ಒಂದು ಎಸಿ ಸುಮಾರು 1,500 ವಾಟ್ ಎಳೆಯುತ್ತದೆ, ಇಂಡಕ್ಷನ್ ಒಲೆ 1,800. ಡಲ್ಲಾಸಿನ ಆಗಸ್ಟ್ ನಿಮಗೆ ಗೊತ್ತಲ್ಲ. ಹೊಸದು ಬೇಡ ಅನ್ನುವುದಕ್ಕೆ ಎರಡು ಕಾರಣ. ಶೋರೂಮಿನಿಂದ ಹೊರಬಂದ ಕೂಡಲೇ ಬೆಲೆ ಬೀಳುತ್ತದೆ. ಇನ್ನೊಂದು, ಹೊಸ ಗಾಡಿಯ ಸಣ್ಣಪುಟ್ಟ ತಪ್ಪುಗಳನ್ನು ಮೊದಲನೇ ಮಾಲೀಕ ಸರಿಮಾಡಿಸಿರುತ್ತಾನೆ. 2021ರಲ್ಲಿ ಅಮೆರಿಕದಲ್ಲಿ 6 ಲಕ್ಷ ಆರ್‌ವಿ ತಯಾರಾದವು, ಅದು ದಾಖಲೆ. ಕೋವಿಡ್ ಸಮಯದ ಆ ಅವಸರ ಕೆಲವು ಗಾಡಿಗಳ ಸ್ಕ್ರೂಗಳಲ್ಲೇ ಕಾಣುತ್ತದೆ. ಆ ವರ್ಷಗಳದ್ದು ಸಿಕ್ಕರೆ ಇನ್ನೊಂದು ಸಲ ನೋಡಿ. ತೀರಾ ಹಳೆಯದೂ ಬೇಡ. ಹತ್ತು ವರ್ಷ ದಾಟಿದ್ದನ್ನು ಒಳಗೆ ಬಿಡದ ಖಾಸಗಿ ಪಾರ್ಕ್‌ಗಳು ಬಹಳ ಇವೆ.

ಈಗ ನನ್ನ ಹೊಟ್ಟೆ ತುಂಬಿಸುವ ವಿಷಯಕ್ಕೆ ಬರೋಣ. ನೀರು.

ಆರ್‌ವಿಯನ್ನು ಕೊಲ್ಲುವುದು ಮೈಲಿ ಅಲ್ಲ, ಸೋರಿಕೆ. ಚಾವಣಿಯ ಮೇಲೆ ರಬ್ಬರಿನಂಥ ಹಾಳೆ ಹಾಸಿರುತ್ತಾರೆ. ಫ್ಯಾನ್, ಎಸಿ, ಕೊಳವೆಗಳಿಗೆ ಕೊರೆದ ತೂತುಗಳ ಸುತ್ತ ಸೀಲೆಂಟ್ ಬಳಿದಿರುತ್ತಾರೆ. ಬಿಸಿಲಿಗೆ ಅದು ಒಣಗಿ ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು. ನೀರು ಅಲ್ಲೇ ತೊಟ್ಟಿಕ್ಕುವುದಿಲ್ಲ. ಗೋಡೆಯೊಳಗೆ ಇಳಿದು, ನೆಲದ ಚಕ್ಕೆ ಹಲಗೆಯನ್ನು ನೆನೆಸಿ, ಒಂದೆರಡು ವರ್ಷದ ಮೇಲೆ ಬೇರೆಲ್ಲೋ ತಲೆ ತೋರಿಸುತ್ತದೆ. ಹೋದ ವರ್ಷ ಒಬ್ಬರು ಹೊಸದಾಗಿ ಕೊಂಡ ಟ್ರೇಲರ್ ನೋಡಲು ಕರೆದಿದ್ದರು. ಒಳಗೆ ಕಾಲಿಟ್ಟರೆ ಘಮ ಘಮ, ಮೂಲೆ ಮೂಲೆಗೂ ರೂಮ್ ಫ್ರೆಶ್‌ನರ್. ನನಗೆ ಆಗಲೇ ಅನುಮಾನ ಬಂತು. ಬಂಕ್ ಕೆಳಗೆ ಮಂಡಿಯೂರಿ, ಹಾಸಿಗೆ ಸರಿಸಿ, ಮೂಲೆಯಲ್ಲಿ ಹೆಬ್ಬೆರಳು ಒತ್ತಿದೆ. ಗೋಡೆ ಬೆಂದ ಇಡ್ಲಿಯ ಹಾಗೆ ಒಳಗೆ ಹೋಯಿತು. ಕಾಗದ ಕಿತ್ತರೆ ಹಲಗೆ ಕಪ್ಪಗೆ, ಕೈಯಲ್ಲಿ ಪುಡಿ ಪುಡಿ. ಅವರು ವಿಮೆ ಕಂಪನಿಗೆ ಫೋನ್ ಮಾಡಿದರು. ನಿಧಾನವಾಗಿ ಸೋರಿ ಆದ ಹಾನಿ ನಿಗಾ ಇಡದ್ದರಿಂದ ಆದದ್ದು, ಅದಕ್ಕೆ ಕೊಡುವುದಿಲ್ಲ ಅಂದರು. ಸಾಮಾನ್ಯವಾಗಿ ಹಾಗೇ ಅನ್ನುತ್ತಾರೆ.

ಆದ್ದರಿಂದ ಸಾಧ್ಯವಾದರೆ ಮಳೆ ಬಂದ ಮಾರನೇ ದಿನ ನೋಡಲು ಹೋಗಿ. ಏಣಿ ಕೇಳಿ, ಮೇಲೆ ಹತ್ತಿ. ‘ಹತ್ತಬೇಡಿ ಸರ್’ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಕಿಟಕಿ ಕೆಳಗೆ, ಬಚ್ಚಲಿನ ಬೆಳಕಿಂಡಿ ಸುತ್ತ, ಹೊರಗೆ ಚಾಚುವ ಕೋಣೆಯ ಅಂಚಿನ ನೆಲದಲ್ಲಿ ಹಿಮ್ಮಡಿ ಊರಿ ನಡೆಯಿರಿ. ಹೊರಗೋಡೆಯನ್ನು ಬಿಸಿಲಿಗೆ ಓರೆಯಾಗಿ ನೋಡಿ, ಉಬ್ಬು ಕಂಡರೆ ಒಳಗೆ ನೀರು ಹೋಗಿದೆ. ಟೈರಿನ ಪಕ್ಕದ ಅಂಕಿಯ ಕೊನೆಯ ನಾಲ್ಕು ಅಕ್ಷರ ಓದಿ: 2319 ಅಂದರೆ 2019ರ 23ನೇ ವಾರ. ಟ್ರೇಲರ್ ಟೈರು ಸವೆದು ಹೋಗುವ ಮೊದಲು ವಯಸ್ಸಾಗಿ ಸಿಡಿಯುತ್ತದೆ. ಕೊನೆಯಲ್ಲಿ, ನನ್ನನ್ನೇ ಅಂತಿಲ್ಲ, ಮಾರುವವರಿಗೆ ಸಂಬಂಧ ಇಲ್ಲದ ಒಬ್ಬ ಇನ್‌ಸ್ಪೆಕ್ಟರ್‌ಗೆ ದುಡ್ಡು ಕೊಟ್ಟು ತೋರಿಸಿ.

‘ಫೋರ್ ಸೀಸನ್’ ಅನ್ನುವುದಕ್ಕೆ ಯಾವ ಕಾನೂನಿನ ಅಳತೆಯೂ ಇಲ್ಲ. ಅದು ಸ್ಟಿಕ್ಕರ್, ಅಷ್ಟೇ. ನೀರಿನ ಟ್ಯಾಂಕ್‌ಗಳು ಮುಚ್ಚಿವೆಯೇ, ಹೀಟರಿನ ಬಿಸಿಗಾಳಿ ಅಲ್ಲಿಗೆ ಹೋಗುತ್ತದೆಯೇ, ಟ್ಯಾಂಕ್ ಖಾಲಿ ಮಾಡುವ ವಾಲ್ವ್‌ಗಳು ಹೊರಗೆ ನೇತಾಡುತ್ತಿವೆಯೇ, ಇದನ್ನು ಕೇಳಿ. 2021ರ ಫೆಬ್ರವರಿಯ ಹಿಮಪಾತದಲ್ಲಿ ಟೆಕ್ಸಾಸಿನಲ್ಲಿ ಲಕ್ಷಾಂತರ ಮನೆಗಳು ಕತ್ತಲಾಗಿದ್ದವು. ಆ ವಾರ ನಾನು ರಿಪೇರಿ ಮಾಡಿದ ಗಾಡಿಗಳಲ್ಲಿ ಈ ಸ್ಟಿಕ್ಕರ್ ಇದ್ದವೂ ಇದ್ದವು. ಮೊದಲು ಹೆಪ್ಪುಗಟ್ಟುವುದು ಗಾಡಿ ಅಲ್ಲ, ನಲ್ಲಿಯಿಂದ ಬರುವ ನೀರಿನ ಪೈಪು. ಕರೆಂಟಿನಿಂದ ಬಿಸಿಯಾಗುವ ಪೈಪ್ ಕೊಳ್ಳಿ. ಇಲ್ಲಿನ 9 ಕಿಲೋ ಗ್ಯಾಸ್ ಸಿಲಿಂಡರ್ ನಮ್ಮೂರಿನ 14.2 ಕಿಲೋದ್ದಕ್ಕಿಂತ ಚಿಕ್ಕದು. 30,000 ಬಿಟಿಯು (ಶಾಖದ ಅಳತೆ) ಹೀಟರ್ ಬಿಡದೆ ಉರಿದರೆ 14 ಗಂಟೆಯಲ್ಲಿ ಖಾಲಿ. ಅಪ್ಪ ಅಮ್ಮ ಇರುವುದು ಆ ತಿಂಗಳುಗಳಲ್ಲೇ ಅಲ್ವಾ?

ನಮ್ಮ ಅಡುಗೆ ಬಗ್ಗೆ ಯಾವ ಡೀಲರೂ ಹೇಳುವುದಿಲ್ಲ. ಒಂದು ಕಿಲೋ ಪ್ರೊಪೇನ್, ಅಂದರೆ ಸಿಲಿಂಡರಿನ ಗ್ಯಾಸ್, ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಹೊರಬರುತ್ತದೆ. ಅದರ ಮೇಲೆ ಕುಕ್ಕರಿನ ನಾಲ್ಕು ವಿಶಲ್, ಐದು ಜನರ ಉಸಿರು, ಒಣಗದ ಬಟ್ಟೆ. ಚಳಿಗಾಲದಲ್ಲಿ ಬೆಳಗ್ಗೆ ಎದ್ದರೆ ಕಿಟಕಿ ಅಳುತ್ತಿರುತ್ತದೆ, ಹಾಸಿಗೆ ಕೆಳಗೆ ಬೂಷ್ಟು. ಒಲೆ ಹಚ್ಚಿದಾಗಲೆಲ್ಲ ಚಾವಣಿ ಫ್ಯಾನ್ ಹಾಕಿ, ಒಂದು ಕಿಟಕಿ ತೆಗೆದಿಡಿ. ಒಗ್ಗರಣೆಗೆ ಹೊಗೆ ಅಲಾರಂ ಕೂಗೇ ಕೂಗುತ್ತದೆ. ಬ್ಯಾಟರಿ ಕಿತ್ತಿಟ್ಟ ಎಷ್ಟು ಮನೆ ನೋಡಿದ್ದೇನೆ. ದಯವಿಟ್ಟು ಕೀಳಬೇಡಿ. ಒಗ್ಗರಣೆಯನ್ನು ಹೊರಗೆ ಮೇಜಿನ ಮೇಲೆ ಕೊಡಿ. ನೆಲದ ಹತ್ತಿರ ಇರುವುದು ಗ್ಯಾಸ್ ಸೋರಿಕೆಯ ಅಲಾರಂ. ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ. ಅದರ ಮುಂದೆ ಅಕ್ಕಿ ಮೂಟೆ ಒರಗಿಸಬೇಡಿ.

ತಟ್ಟೆ ತೊಳೆಯುವ ಮುನ್ನ ಕಾಗದದಲ್ಲಿ ಒರೆಸಿ. ಎಣ್ಣೆ, ಬೇಳೆ ಕೊಳಕು ನೀರಿನ ಟ್ಯಾಂಕಿನ ಒಳಗೆ ಹತ್ತಿ ಕೂತರೆ ಅಳತೆಯ ದೀಪ ಯಾವಾಗಲೂ ‘ತುಂಬಿದೆ’ ಅನ್ನುತ್ತದೆ. ಪಾಯಿಖಾನೆ ಟ್ಯಾಂಕಿನ ವಾಲ್ವ್ ಮಾತ್ರ ಮುಚ್ಚಿಯೇ ಇಡಿ, ತುಂಬುತ್ತಾ ಬಂದ ಮೇಲೆ ಒಮ್ಮೆಲೇ ಬಿಡಿ. ತೆರೆದಿಟ್ಟರೆ ನೀರು ಹರಿದು ಹೋಗಿ ಗಟ್ಟಿಯದು ಗೋಪುರ ಕಟ್ಟುತ್ತದೆ. ಅದನ್ನು ಒಡೆಯುವುದಕ್ಕೆ ನಾನು ಕೇಳುವ ಕೂಲಿ ಕೇಳಿದರೆ ನೀವು ಬೈಯುತ್ತೀರಿ. ನಮ್ಮವರ ಚೊಂಬಿನ ಅಭ್ಯಾಸ ಇಲ್ಲಿ ಒಳ್ಳೆಯದೇ, ಕಾಗದ ಕಡಿಮೆ, ನೀರು ಜಾಸ್ತಿ. ಸ್ನಾನಕ್ಕೂ ಹಾಗೇ. ಎಷ್ಟೋ ಗಾಡಿಗಳಲ್ಲಿ ಬಿಸಿನೀರಿನ ಟ್ಯಾಂಕ್ 6 ಗ್ಯಾಲನ್, ಅಂದರೆ 23 ಲೀಟರ್. ಶವರಿಗೆ ಒಬ್ಬರಿಗೆ ಮುಗಿಯುತ್ತದೆ. ಬಕೆಟ್ಟಿಗೆ ಹಿಡಿದು ಬೆರೆಸಿಕೊಂಡರೆ ಇಬ್ಬರಿಗೆ ಆರಾಮ.

ಕಾಗದ ಪತ್ರದ ಕಡೆ ಒಂದು ಎಚ್ಚರ. ಆರ್‌ವಿಯನ್ನು ತಾತ್ಕಾಲಿಕ ವಾಸಕ್ಕೆ ಅಂತಲೇ ಕಟ್ಟುತ್ತಾರೆ, ಅದರ ನಿಯಮದ ಪುಸ್ತಕವೂ ಹಾಗೇ ಹೇಳುತ್ತದೆ. ಅದರಲ್ಲೇ ವಾಸ ಮಾಡಿದರೆ ವಾರಂಟಿ ಇಲ್ಲ ಅನ್ನುವ ಕಂಪನಿಗಳಿವೆ, ಸಾಲ ಕೊಡದ ಬ್ಯಾಂಕುಗಳಿವೆ. ಸಾಮಾನ್ಯ ಆರ್‌ವಿ ವಿಮೆ ಸಾಲದು, ಪೂರ್ತಿ ವಾಸಕ್ಕೆ ಬೇರೆ ಪಾಲಿಸಿ ಕೇಳಿ. ಇದನ್ನು ಮುಚ್ಚಿಟ್ಟು ಅಗ್ಗದ ಪಾಲಿಸಿ ಮಾಡಿಸಿದರೆ ಬೆಂಕಿ ಬಿದ್ದ ದಿನ ಗೊತ್ತಾಗುತ್ತದೆ. ಪಾರ್ಕಿನವರನ್ನು ಮೂರು ಪ್ರಶ್ನೆ ಕೇಳಿ: ಕರೆಂಟ್ ಬಿಲ್ ಬಾಡಿಗೆಯಲ್ಲೇ ಸೇರಿದೆಯೇ, ಒಂದು ಜಾಗದಲ್ಲಿ ಎಷ್ಟು ಜನ ಇರಬಹುದು, ಎಷ್ಟು ತಿಂಗಳು ಇರಬಹುದು. ಬಹಳ ಕಡೆ ಕರೆಂಟಿಗೆ ಬೇರೆ ಮೀಟರ್. ಆಗಸ್ಟ್ ಮತ್ತು ಜನವರಿ ಬಿಲ್ ತೋರಿಸಿ ಅನ್ನಿ. ಇದೆಲ್ಲ ಕೂಡಿದ ಮೇಲೆ ಬಾಡಿಗೆ ನಿಜಕ್ಕೂ ಉಳಿಯುತ್ತದೆಯೇ ಅಂತ ಕೂತು ನೋಡಿ. ಕೆಲವರಿಗೆ ಉಳಿಯುತ್ತದೆ. ಬಾಡಿಗೆ ಉಳಿಸುವುದೊಂದೇ ಉದ್ದೇಶ ಆಗಿದ್ದವರು ಎರಡನೇ ವರ್ಷಕ್ಕೇ ಮಾರಿದ್ದನ್ನು ನಾನು ಜಾಸ್ತಿ ನೋಡಿದ್ದೇನೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ನವೆಂಬರಿಗೆ ಮೊದಲು ಏನೂ ಕೊಳ್ಳುತ್ತಿರಲಿಲ್ಲ. ಅಪಾರ್ಟ್‌ಮೆಂಟ್ ಇರಲಿ. ಅಪ್ಪ ಅಮ್ಮ ಬಂದ ಮೇಲೆ ಜನವರಿಯಲ್ಲಿ ಎರಡು ವಾರ ಒಂದು ಬಂಕ್ ಟ್ರೇಲರ್ ಬಾಡಿಗೆಗೆ ತಗೊಳ್ಳಿ, ಪ್ಲೇನೋಗೆ ಹತ್ತಿರದ ಪಾರ್ಕಿನಲ್ಲೇ ತಂದು ನಿಲ್ಲಿಸಲು ಹೇಳಿ. ರಜೆ ಹಾಕಬೇಡಿ, ಅಲ್ಲಿಂದಲೇ ಮೀಟಿಂಗ್ ಮಾಡಿ. ಹೊರಗಿನ ಮಡಚುವ ಮೆಟ್ಟಿಲ ಮೇಲೆ ಅಮ್ಮ ಹೇಗೆ ಹತ್ತುತ್ತಾರೆ, ಅಪ್ಪ ಐದು ಗಂಟೆಗೆ ಎದ್ದು ಕಾಫಿಗೆ ಲೈಟ್ ಹಾಕಿದರೆ ಯಾರ ಯಾರ ನಿದ್ದೆ ಕೆಡುತ್ತದೆ ಎಲ್ಲ ಗೊತ್ತಾಗುತ್ತದೆ. ಸರಿ ಅನ್ನಿಸಿದರೆ ಅವರು ಊರಿಗೆ ಹೊರಟ ಮೇಲೆ ಕೊಳ್ಳಿ. ದೇಶ ಸುತ್ತುವ ಆಸೆಗೆ ರಜೆಯಲ್ಲಿ ಒಂದು ಕ್ಲಾಸ್ ಸಿ ಬಾಡಿಗೆಗೆ ಸಿಗುತ್ತದೆ.

ಇನ್ನು ಮಿಕ್ಸಿ. ಊರಿನದು 230 ವೋಲ್ಟಿಗೆ ಮಾಡಿದ್ದು, ಇಲ್ಲಿ ಸಿಗುವುದು 120. ದೊಡ್ಡ ಟ್ರಾನ್ಸ್‌ಫಾರ್ಮರ್ ಇಟ್ಟರೆ ಓಡುತ್ತದೆ. ಆದರೆ ಆ ಡಬ್ಬ ಮಿಕ್ಸಿಗಿಂತ ಭಾರ, ಇಡಲು ಜಾಗವೂ ಬೇಕು. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ 110 ವೋಲ್ಟಿನ ನಮ್ಮ ಮಿಕ್ಸಿಗಳೇ ಸಿಗುತ್ತವೆ, ಅದೊಂದು ತಗೊಳ್ಳಿ. 30 ಆಂಪ್ ಗಾಡಿಯಾದರೆ ರುಬ್ಬುವಾಗ ಎಸಿಯನ್ನೋ ಇಂಡಕ್ಷನ್ನನ್ನೋ ಆಫ್ ಮಾಡಿ, ಇಲ್ಲದಿದ್ದರೆ ಚಟ್ನಿ ಅರ್ಧಕ್ಕೇ ನಿಲ್ಲುತ್ತದೆ. ಬ್ರೇಕರ್ ಪೆಟ್ಟಿಗೆ ಸಾಮಾನ್ಯವಾಗಿ ನೆಲದ ಹತ್ತಿರ ಇರುತ್ತದೆ, ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.